ಸೋರುವ ನಲ್ಲಿ ಮತ್ತು ನೂರನೆಯ ಪದ

ನಮ್ಮ ದಾಖಲೆ ಕಚೇರಿಯಲ್ಲಿ ನೂರು ಇಂಗ್ಲಿಷ್ ಪದ ಕಲಿಯದವರನ್ನು ಕಾಯಂ ಮಾಡತಕ್ಕದ್ದಲ್ಲ ಎಂದು ಆದೇಶವಾಗಿದೆ. ಒಂದೊಂದು ಪದಕ್ಕೂ ಅರ್ಥ ಮತ್ತು ಉದಾಹರಣಾ ವಾಕ್ಯ ಬರೆದು ಮೇಲ್ವಿಚಾರಕರ ಸಹಿ ಪಡೆಯಬೇಕು. ಕಚೇರಿಯ ಪುಸ್ತಕದಲ್ಲಿ ಸುಳ್ಳು ಬರೆಯುವಂತಿಲ್ಲವಾದ್ದರಿಂದ ವಾಕ್ಯ ನಿಜವಾಗಿರಬೇಕು, ಮತ್ತು ಅದು ಕಚೇರಿಯೊಳಗಿನ ನಿಜವೇ ಆಗಿರಬೇಕು.

ಇದರಿಂದ ಕೆಲಸಕ್ಕೇನೂ ತೊಂದರೆಯಾಗಲಿಲ್ಲ. 'ಫೈರ್' ಪದದ ದಿನ ಅನುಮತಿ ಪಡೆದು ಕಸದ ಬುಟ್ಟಿಗೆ ಬೆಂಕಿ ಹಚ್ಚಲಾಯಿತು. 'ಫಾಲ್' ಪದಕ್ಕೆ ಟೈಪಿಸ್ಟು ಮೆಟ್ಟಿಲಿಂದ ಬಿದ್ದರು. ನಿಧಾನವಾಗಿ ಬರೆಯುವವರಿಗಾಗಿ ಇನ್ನೊಮ್ಮೆ ಬಿದ್ದರು. 'ಆನೆಸ್ಟ್' ಪದಕ್ಕೆ ವಾಕ್ಯ ಸಿಗದೆ ಅದನ್ನು ಪಟ್ಟಿಯಿಂದ ಕೈಬಿಟ್ಟು 'ಟೀ' ಸೇರಿಸಲಾಯಿತು. 'ಲೀಕ್' ಪದಕ್ಕೆ ಕಾರಿಡಾರಿನ ನಲ್ಲಿ ಸಿದ್ಧವೇ ಇತ್ತು. ಎಂಟು ವರ್ಷದ ದೂರಿಗೆ ಓಗೊಟ್ಟು ಅಂದೇ ಬಂದಿದ್ದ ಪ್ಲಂಬರನನ್ನು, ಇನ್ನೂ ಹದಿನೇಳು ಜನ ಬರೆಯುವುದು ಬಾಕಿಯಿದೆ ಎಂದು ತಡೆಯಲಾಯಿತು.

ಗುಡಿಸುವ ಅಕ್ಕ ಹನ್ನೊಂದು ವರ್ಷದಿಂದ ದಿನಗೂಲಿ. ಪೊಟ್ಟಣ ಕಟ್ಟಿದ ಕಾಗದ ಬಿಡಿಸಿ ಬಿಡಿಸಿ ಓದಲು ಕಲಿತವಳು. ಕಾಯಂ ಆಗಲು ವಯಸ್ಸಿನ ಮಿತಿ ಐವತ್ತು. ಅವಳಿಗೆ ಐವತ್ತು ತುಂಬಲು ಒಂದು ವಾರವಿತ್ತು. ತಪ್ಪಿದರೆ ಪೊರಕೆಯನ್ನೂ ಒಪ್ಪಿಸಿ ಹೋಗಬೇಕು. ತೊಂಬತ್ತೊಂಬತ್ತು ಪದಕ್ಕೆ ಸಹಿಯಾಗಿತ್ತು. ನೂರನೆಯದು 'ಪರ್ಮನೆಂಟ್'. 'ನಾನು ಪರ್ಮನೆಂಟ್' ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದು ತಂದಳು.

"ಇದು ಸುಳ್ಳಲ್ವೇನಮ್ಮ?" ಎಂದರು ಮೇಲ್ವಿಚಾರಕರು. "ನೀನಿನ್ನೂ ಆಗಿಲ್ಲ."

"ನೀವು ಸಹಿ ಹಾಕಿದ್ರೆ ಆಗ್ತೀನಿ, ಸಾರ್."

"ಆದ್ಮೇಲೆ ಬಾ, ಹಾಕ್ತೀನಿ."

"ಹೋಗ್ಲಿ, ನಿಮ್ಮ ಬಗ್ಗೆ ಬರೀಲಾ? ನೀವಂತೂ ಪರ್ಮನೆಂಟು."

"ಮುಂದಿನ ವರ್ಷ ರಿಟೈರ್ಡು."

"ಹಾಗಾದ್ರೆ ಈ ಕುರ್ಚಿ?"

"ಅದರ ಕಾಲು ನೋಡಿ ಮಾತಾಡು."

ಅಕ್ಕ ಪುಸ್ತಕ ಮುಚ್ಚಲಿಲ್ಲ. ಕಾರಿಡಾರಿನ ಕಡೆ ಒಂದು ಗಳಿಗೆ ಕಿವಿಗೊಟ್ಟಳು. ಆಮೇಲೆ ಅವರ ಪೆನ್ನನ್ನೇ ಎತ್ತಿಕೊಂಡು, ಮೊದಲಿನದನ್ನು ಹೊಡೆದುಹಾಕಿ, 'ಈ ಕಚೇರಿಯ ನಲ್ಲಿ ಸೋರುವುದು ಪರ್ಮನೆಂಟ್' ಎಂಬ ಅರ್ಥದ ವಾಕ್ಯ ಬರೆದಳು.

ಮೇಲ್ವಿಚಾರಕರು ಎದ್ದು ಹೋಗಿ ನಲ್ಲಿ ನೋಡಿದರು. ಎಂಟು ವರ್ಷದ ದೂರುಗಳ ಕಡತ ತರಿಸಿ ಓದಿದರು. ನಿಜವಾಗಿತ್ತು. ಸಹಿ ಹಾಕಿದರು.

ಆ ವಾರವೇ ಅಕ್ಕ ಕಾಯಂ ಆದಳು. ಸೋರುವುದು ನಿಂತರೆ ವಾಕ್ಯ ಸುಳ್ಳಾಗಿ ನೇಮಕ ರದ್ದಾಗುವುದರಿಂದ, ಈ ನಲ್ಲಿಯನ್ನು ರಿಪೇರಿ ಮಾಡುವುದು ಶಿಕ್ಷಾರ್ಹ ಎಂದು ಫಲಕ ಹಾಕಲಾಗಿದೆ. ಅದೇ ವಾಕ್ಯ ಬರೆದು ಇನ್ನೂ ಹದಿನಾಲ್ಕು ಮಂದಿ ಕಾಯಂ ಆಗಿದ್ದಾರೆ. ಪ್ಲಂಬರನೂ ಅವರಲ್ಲೊಬ್ಬ.

ನೀರು ಬಾರದ ದಿನ ಅಕ್ಕ ನಲ್ಲಿಯ ಪಕ್ಕ ಸ್ಟೂಲು ಹಾಕಿ ಕೂತು, ಚೊಂಬಿನಿಂದ ಬಕೆಟ್ಟಿಗೆ ಹನಿಹನಿಯಾಗಿ ಬಿಡುತ್ತಾಳೆ.

"ಸ್ವಲ್ಪ ಜೋರಾಯ್ತು ಅಕ್ಕಾ," ಎನ್ನುತ್ತಾನೆ ಪ್ಲಂಬರ್. "ಅದು ಹೀಗೆ ಸೋರಲ್ಲ."

"ಹಾಗಾದ್ರೆ ನೀನೇ ಹಿಡ್ಕೋ. ನನಗೆ ಗುಡಿಸೋದಿದೆ."

ಅವನು ಹಿಡಿದುಕೊಳ್ಳುತ್ತಾನೆ. ಮೇಲ್ವಿಚಾರಕರು ಬಂದು, ಒಂದು ನಿಮಿಷ ನಿಂತು ಹನಿ ಎಣಿಸಿ, ಎಂದಿನಂತಿದೆ ಎಂದು ಸಹಿ ಹಾಕಿ ಹೋಗುತ್ತಾರೆ.