ಒಂದು ಸಂಜೆಯ ಮಟ್ಟಿಗೆ ಮಾವ

"ಇವತ್ತು ನಾನು ಮೈದಾನದಲ್ಲಿ ಇದ್ದೆ ಅಂತ ಒಂದು ನರಪಿಳ್ಳೆಗೂ ಗೊತ್ತಾಗಬಾರದು, ಹಾಗೆ ಇರ್ತೀನಿ!"

ಬೆಣ್ಣೆ ಸವರಿದ ಬ್ರೆಡ್ಡನ್ನು ಖಡ್ಗದಂತೆ ಮೇಲೆತ್ತಿ ಡೆಲ್ಬರ್ಟ್ ಹ್ರಸ್ಕಾ ಭೀಷ್ಮ ಪ್ರತಿಜ್ಞೆ ಮಾಡಿದ. ನೆಬ್ರಾಸ್ಕಾದ ಆರ್ಡೆಲ್ ಊರಿನ ಏಕೈಕ ಹಾರ್ಡ್‌ವೇರ್ ಅಂಗಡಿಯ ಯಜಮಾನ ಅಂದಮೇಲೆ ಪ್ರತಿಜ್ಞೆಯೂ ಗಟ್ಟಿಮುಟ್ಟಾಗಿಯೇ ಇರಬೇಕಲ್ಲ!

ಮಗಳು ಟ್ರೂಡಿ ನಂಬಲಿಲ್ಲ. ಅವಳು ಶಾಲೆಯ ಬ್ಯಾಂಡಿನಲ್ಲಿ ತುತ್ತೂರಿ ಊದುವವಳು, ಹೈಸ್ಕೂಲಿನ ಕೊನೆಯ ವರ್ಷ.

"ಹೋದ ವರ್ಷಾನೂ ಹಿಂಗೇ ಅಂದಿದ್ದೆ ಅಪ್ಪಾ. ಆಮೇಲೆ ಬ್ಯಾಂಡಿನ ಬಸ್ಸಿಗೇ ಗುದ್ದಿದೆ!"

"ಗುದ್ದಿದ್ದಲ್ಲ ಕಣೇ, ತಾಗಿದ್ದು!"

"ಏನೋ ಒಂದು. ಈ ಸಲ ನನ್ನ ಮಾನ ಕಳೆದ್ರೆ ನೀನು ಡ್ಯಾನ್ಸಿಗೆ ಬರೋದೇ ಬೇಡ."

ಡೆಲ್ಬರ್ಟನ ಬ್ರೆಡ್ಡು ತಟ್ಟೆಗಿಳಿಯಿತು. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಆ ಶುಕ್ರವಾರ ಮೊದಲು ಬ್ಯಾಂಡು, ಆಮೇಲೆ ಫುಟ್‌ಬಾಲು, ಕೊನೆಗೆ ಡ್ಯಾನ್ಸು. ಡ್ಯಾನ್ಸಿನ ಕೊನೆಯ ಹಾಡಿಗೆ, ಕೊನೆಯ ವರ್ಷದ ಮಕ್ಕಳು ತಮ್ಮ ಅಪ್ಪನನ್ನೋ ಅಮ್ಮನನ್ನೋ ಕೈಹಿಡಿದು ಕುಣಿಯಲು ಎಳೆದುಕೊಂಡು ಹೋಗುವುದು ಆರ್ಡೆಲ್‌ನ ಪದ್ಧತಿ. ಮೂರು ವರ್ಷ ಪಾನಕದ ಮೇಜಿನ ಹಿಂದೆ ನಿಂತು ಕಂಡವರ ಅಪ್ಪಂದಿರ ಭಾಗ್ಯ ನೋಡಿ ಹೊಟ್ಟೆ ಉರಿಸಿಕೊಂಡಿದ್ದವನಿಗೆ ಇವತ್ತು ಸರದಿ ಬಂದಿತ್ತು. ಅಂಗಡಿಯ ಬಾಗಿಲು ಹಾಕಿಕೊಂಡು ಪೊರಕೆಯ ಜೊತೆ ಕುಣಿದು ಅಭ್ಯಾಸ ಬೇರೆ ಮಾಡಿದ್ದ!

"ರೀ," ಎಂದಳು ಹೆಂಡತಿ ವರ್ಲೀನ್, "ಬ್ಯಾಂಡಿನ ದೊಡ್ಡ ಡೋಲನ್ನ ಮೈದಾನಕ್ಕೆ ತಳ್ಳೋದು, ವಾಪಸ್ ಬರೋದು. ನಡುವೆ ಏನೂ ಮಾಡ್ಬೇಡಿ. ಏನೂ ಅಂದ್ರೆ ಏನೂ!"

ಆದರೆ ಅವನು ಅರ್ಧ ಗಂಟೆ ಮುಂಚೆಯೇ ಹೋದ. ಎಡವಟ್ಟಾಗಿದ್ದು ಅಲ್ಲೇ. ಮೈದಾನದ ಹುಲ್ಲಿನ ಮೇಲೆ ಎಲ್ಲಿ ನೋಡಿದರಲ್ಲಿ ಪ್ಲಾಸ್ಟಿಕ್ ಬಿಲ್ಲೆಗಳು! "ಛೆ ಛೆ, ಈಗಿನ ಮಕ್ಕಳಿಗೆ ಎಲ್ಲಿ ಏನು ಬಿಸಾಡ್ಬೇಕು ಅಂತ ಗೊತ್ತೇ ಇಲ್ಲ" ಎಂದು ಗೊಣಗುತ್ತ, ಒಂದೊಂದನ್ನೇ ಹೆಕ್ಕಿ ಕೋಟಿನ ಜೇಬಿಗೆ ತುಂಬಿದ. ನಲವತ್ತಾರಿದ್ದವು. ಬೆನ್ನು ನೆಟ್ಟಗೆ ಮಾಡಿ, ಸ್ವಚ್ಛ ಮೈದಾನ ನೋಡಿ ಹೆಮ್ಮೆಪಡುತ್ತ ಗೇಟಿನ ಹತ್ತಿರ ಬಂದ.

ಅಲ್ಲಿ ಬ್ಯಾಂಡ್ ಮಾಸ್ತರರಾದ ಓಸ್ಟರ್‌ಗಾರ್ಡ್ ಸೊಂಟ ಹಿಡಿದುಕೊಂಡು ನಿಂತಿದ್ದರು.

"ಮಕ್ಕಳಿಗೆ ಈ ಸಲ ಹೆಜ್ಜೆ ತಲೆಗೇ ಹತ್ತಿಲ್ಲ ಹ್ರಸ್ಕಾ! ಮಧ್ಯಾಹ್ನವೆಲ್ಲ ಬಗ್ಗಿ ಬಗ್ಗಿ ಒಬ್ಬೊಬ್ಬರ ಜಾಗಕ್ಕೂ ನಂಬರ್ ಬರೆದು ಬಿಲ್ಲೆ ಇಟ್ಟಿದೀನಿ, ನಿಮ್ಮ ಟ್ರೂಡಿಗೆ ಮಾತ್ರ ಕೆಂಪು ಬಿಲ್ಲೆ. ಯಾವ ಕಡೆ ಮುಖ ಮಾಡ್ಬೇಕು ಅಂತ ಬಾಣಾನೂ ಬರೆದಿದೀನಿ. ಭೂಮಿ ಬಾಯಿಬಿಟ್ರೂ ಬಿಲ್ಲೆ ಬಿಟ್ಟು ಕದಲಬೇಡಿ ಅಂದಿದೀನಿ. ಇನ್ನು ಭಯ ಇಲ್ಲ!"

ಡೆಲ್ಬರ್ಟ್ ಒಂದು ಹೆಜ್ಜೆ ಹಿಂದೆ ಸರಿದ, ಜೇಬು ಗಲಗಲ ಎಂದಿತು.

"ಅದೇನು ಸದ್ದು?"

"ಮಂ... ಮಂಡಿ! ವಯಸ್ಸಾಯ್ತಲ್ಲ ಸಾರ್!"

ಹೇಳಿಬಿಡಲೇ? ಹೇಳಿದರೆ ಡ್ಯಾನ್ಸು ಹೋಯಿತು! ಮಾಸ್ತರರು ಮಕ್ಕಳನ್ನು ಕರೆತರಲು ಆ ಕಡೆ ಹೋದದ್ದೇ ತಡ, ಇವನು ಈ ಕಡೆ ಓಡಿದ. ಹದಿನೇಳು ಎಲ್ಲಿತ್ತು? ಮೂವತ್ತರ ಪಕ್ಕದಲ್ಲಿ? ಮೂವತ್ತು ಎಲ್ಲಿತ್ತು? ಬಾಣ ಆ ಕಡೆಗಿತ್ತೋ ಈ ಕಡೆಗೋ? ತಲೆ ಮೊಸರು ಗಡಿಗೆಯಾಯಿತು. ಕೊನೆಗೆ ದೇವರ ಮೇಲೆ ಭಾರ ಹಾಕಿ ಜೋಳ ಬಿತ್ತುವವನ ಹಾಗೆ ಎರಚುತ್ತ ಹೋದ. ಟ್ರೂಡಿಯ ಕೆಂಪು ಬಿಲ್ಲೆ ಮಾತ್ರ ಕೈಯಲ್ಲುಳಿದಿತ್ತು. ಅಷ್ಟರಲ್ಲಿ ಢಮಢಮ ಎಂದು ಬ್ಯಾಂಡು ಒಳಗೆ ಬಂದೇಬಿಟ್ಟಿತು! ಕೆಂಪು ಬಿಲ್ಲೆ ಬಿದ್ದಲ್ಲಿ ಬಿತ್ತು.

ಮೈದಾನದಲ್ಲಿ ಹೃದಯದ ಆಕಾರ ಮೂಡಬೇಕಿತ್ತು. ಮೂಡಿದ್ದೇನು ಎಂದು ಆ ಊರಿನಲ್ಲಿ ಇವತ್ತಿಗೂ ಒಮ್ಮತವಿಲ್ಲ. ಕೊಳಲಿನವರು ಡೋಲಿನವರ ಮೈಮೇಲೆ ಹೋದರು. ಇಬ್ಬರು ಹುಡುಗಿಯರು ಎದುರುಬದುರು ನಿಂತು ಒಬ್ಬರ ಮುಖಕ್ಕೊಬ್ಬರು ಊದಿದರು. ನಟ್ಟನಡುವೆ ಸಿಕ್ಕಿಬಿದ್ದ ಡೆಲ್ಬರ್ಟ್, ದಾರಿ ಕಾಣದೆ, ತಾನೂ ಮೊಣಕಾಲೆತ್ತಿ ಹೆಜ್ಜೆ ಹಾಕತೊಡಗಿದ! ಟ್ರೂಡಿ ಪಾಪ, ಗುರುವಾಕ್ಯ ಮೀರದ ಹುಡುಗಿ. ಗೋಲುಕಂಬದ ಹಿಂದೆ ತನ್ನ ಬಿಲ್ಲೆ ಹುಡುಕಿ, ಬಾಣ ತೋರಿದತ್ತ ತಿರುಗಿ, ಇಡೀ ಊರಿಗೆ ಬೆನ್ನು ಹಾಕಿ, ಎದುರು ತಂಡದ ಊರಿನವರಿಗೆ ಒಬ್ಬಳೇ ತುತ್ತೂರಿ ಊದಿದಳು. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದಕ್ಕಿಂತ ಅವಮಾನ ಬೇಕೇ?

"ನಮ್ಮಪ್ಪ ಅಂತ ಹೇಳ್ಕೊಂಡು ಯಾರೂ ಡ್ಯಾನ್ಸಿಗೆ ಕಾಲಿಡಕೂಡದು!" ಎಂದು ಟ್ರೂಡಿ ಅಳುತ್ತ ಹೋದಳೆಂದು ವರ್ಲೀನ್ ಬಂದು ವರದಿ ಒಪ್ಪಿಸಿದಳು.

"ಹಾಗಾದ್ರೆ ನನ್ನ ಗತಿ?"

"ಅಪ್ಪ ಅಂತ ಹೇಳ್ಕೊಂಡು ಬರ್ಬೇಡಿ ಅಂದಿದಾಳೆ. ಇವತ್ತೊಂದಿನ ನೀವು ಅಯೋವಾದಿಂದ ಬಂದಿರೋ ನಮ್ಮಣ್ಣ!"

ಹೆಂಡತಿ ತಮಾಷೆಗೆ ಅಂದಳೋ ನಿಜಕ್ಕೋ, ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನಿಗೆ ಒಮ್ಮೆಯೂ ತಿಳಿದಿಲ್ಲ. ತಲೆ ಬಾಚುವ ದಿಕ್ಕು ಬದಲಿಸಿ, ಡ್ಯಾನ್ಸು ನಡೆಯುವ ಶಾಲೆಯ ಆಟದ ಹಾಲ್‌ನ ಬಾಗಿಲಲ್ಲಿ ಹೆಡ್‌ಮಾಸ್ಟರ್ ಕ್ವಿಸ್ಟ್ ಅವರ ಕೈಕುಲುಕಿದ.

"ನಾನು ಟ್ರೂಡಿಯ ಮಾವ, ಅಯೋವಾ. ಡೆಲ್ಬರ್ಟ್ ಊರಲ್ಲಿಲ್ಲ."

"ಹೌದಾ? ಬೆಳಿಗ್ಗೆ ತಾನೇ ಅವರ ಹತ್ರ ಗುದ್ದಲಿ ತಗೊಂಡೆನಲ್ಲ."

"ಮಳೇಲಿ ಬಿಡ್ಬೇಡಿ ಸಾರ್, ತುಕ್ಕು ಹಿಡಿಯುತ್ತೆ!" ಎಂದ ಮಾವ, ಬಾಯಿತಪ್ಪಿ. ಕ್ವಿಸ್ಟ್ ನಗಲಿಲ್ಲ. ಅದರಿಂದಲೇ ಇವನಿಗೆ ಇನ್ನಷ್ಟು ಗೊಂದಲವಾಯಿತು.

ಇಡೀ ಸಂಜೆ ಮಾವ ತಲೆಯೆತ್ತದೆ ಪಾನಕ ಬಡಿಸಿದ. ಕೊನೆಗೆ ಮೇಜಿನ ಮುಂದೆ ನೀಲಿ ಉಡುಪು ಬಂದು ನಿಂತಿತು. ಟ್ರೂಡಿ!

"ಮಾವಾ, ನಮ್ಮಪ್ಪನ್ನ ಎಲ್ಲಾದ್ರೂ ಕಂಡ್ರಾ? ಕೊನೇ ಹಾಡು ಶುರುವಾಗ್ತಿದೆ."

ಕಂಡೆ ಎಂದರೆ ಗುಟ್ಟು ರಟ್ಟು, ಕಾಣೆ ಎಂದರೆ ಹಾಡೇ ಹೋಯಿತು!

"ಇ... ಇಲ್ಲೇ ಎಲ್ಲೋ ಇರ್ಬೇಕು ಕಣಮ್ಮಾ. ಒಂದೇ ನಿಮಿಷ, ಕಳಿಸ್ತೀನಿ!"

ಸೌಟು ಬಿಸಾಡಿ ಹಿಂಬಾಗಿಲಿಂದ ಹೊರಗೆ ಹಾರಿದ. ಕಟ್ಟಡ ಸುತ್ತುಹಾಕಿ, ತಲೆಗೂದಲನ್ನು ಮೊದಲಿನ ದಿಕ್ಕಿಗೆ ತಿರುಗಿಸಿ, ಏದುಸಿರು ಬಿಡುತ್ತ ಮುಂಬಾಗಿಲಿಗೆ ಬಂದ. ಕ್ವಿಸ್ಟ್ ಬಾಗಿಲಿಗೆ ಅಡ್ಡ ನಿಂತಿದ್ದರು.

"ಯಾರು ಬೇಕಿತ್ತು?"

"ಟ್ರೂಡಿಯ ಅಪ್ಪ ಸಾರ್ ನಾನು! ಬಿಡಿ ಸಾರ್, ಹಾಡು ಮುಗಿಯುತ್ತೆ!"

"ಅವರು ಊರಲ್ಲೇ ಇಲ್ಲವಂತೆ. ಅವರ ಭಾವನೇ ಹೇಳಿದ್ರು. ತುಂಬ ಮರ್ಯಾದಸ್ಥ ಮನುಷ್ಯ."

ಅವರ ಬೆನ್ನ ಹಿಂದೆ ಟ್ರೂಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣೊರೆಸಿಕೊಂಡು ಕೈ ಚಾಚಿದಳು.

"ಬಿಟ್ಬಿಡಿ ಸಾರ್, ನಮ್ಮಪ್ಪನೇ. ಒಳಗಿದ್ದೋರು ಒಳಗೆ ಬರೋಕೆ ಅಂತ ಹೊರಗೆ ಓಡೋದು ಇನ್ಯಾರಿಗೆ ಹೊಳೆಯುತ್ತೆ ಹೇಳಿ!"