ಭಾವನಿಗೊಪ್ಪದ ಟ್ವೀಟರು

ಹೆಣ್ಣು ನೋಡಲು ಬಂದು, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ನಮ್ಮಕ್ಕನನ್ನು ಒಪ್ಪಿಕೊಂಡವರು ನಮ್ಮ ಭಾವ. ಅದೇ ಮನುಷ್ಯ ಒಂದು ಟ್ವೀಟರನ್ನು ಒಪ್ಪಿಕೊಳ್ಳಲು ವರ್ಷಗಟ್ಟಲೆ ಒದ್ದಾಡಿದರು ಎಂದರೆ ನಂಬುತ್ತೀರಾ? ಇದನ್ನು ತನಗಾದ ಗೌರವ ಎನ್ನಬೇಕೋ ಅವಮಾನ ಎನ್ನಬೇಕೋ ಅಕ್ಕನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಟ್ವೀಟರ್ ಎಂದರೆ ಸ್ಪೀಕರ್ ಪೆಟ್ಟಿಗೆಯ ಮೇಲ್ಭಾಗದಲ್ಲಿ ಕೂರುವ ಪುಟ್ಟ ಬಿಲ್ಲೆ. ಮೃದಂಗ, ದಪ್ಪ ದನಿ ಎಲ್ಲ ಕೆಳಗಿನ ದೊಡ್ಡ ಸ್ಪೀಕರಿನ ಪಾಲು. ಗೆಜ್ಜೆ, ತಂತಿಯ ಮಿಂಚು, ಸಣ್ಣ ದನಿಯ ತುದಿ ಈ ಬಿಲ್ಲೆಯ ಪಾಲು. ಭಾವ ಕಾಟಿಕುಳಂನ ಮರದ ಮಿಲ್ಲಿನಲ್ಲಿ ಇಡೀ ಆಯುಸ್ಸು ಗರಗಸದ ಮುಂದೆ ನಿಂತವರು. ಕೆಲಸ ಬಿಟ್ಟ ಮೇಲೆ ಹಲಸಿನ ಹಲಗೆ ಕೊಯ್ದು ತಾವೇ ಎರಡು ಪೆಟ್ಟಿಗೆ ಮಾಡಿದರು. ಪೆಟ್ಟಿಗೆ ಎಷ್ಟು ಚೆಂದವೆಂದರೆ, ಮನೆಗೆ ಬಂದವರು ಅದರಲ್ಲಿ ಬಟ್ಟೆ ಇಡುತ್ತೀರಾ ಎಂದು ಕೇಳುತ್ತಿದ್ದರು.

ಮೊದಲು ಬಂದದ್ದು ರೇಷ್ಮೆ ಬಟ್ಟೆಯ ಗುಮ್ಮಟವಿರುವ ಟ್ವೀಟರ್. ಭಾವ ಕಣ್ಣು ಮುಚ್ಚಿ ಕೇಳಿ, ಗಾಯಕಿ ಕಂಬಳಿ ಹೊದ್ದು ಹಾಡಿದ ಹಾಗಿದೆ ಎಂದು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಅಲ್ಯೂಮಿನಿಯಮ್ ಗುಮ್ಮಟದ್ದು ಬಂತು. ಹಾಡು ಶುರುವಾದದ್ದೇ ತಡ, ನಾನು ಕಿವಿ ಮುಚ್ಚಿಕೊಂಡೆ, ಪಕ್ಕದ ಮನೆಯ ನಾಯಿ ತೃಶ್ಶಿಲೇರಿ ರಸ್ತೆ ಹಿಡಿದು ಓಡಿತು. ಭಾವ ಮಾತ್ರ ಪೆಟ್ಟಿಗೆಯ ಹತ್ತಿರಕ್ಕೆ ಬಾಗಿ, ಇದಕ್ಕೂ ಕಂಬಳಿಯೇ ಎಂದರು.

ಮೂರನೆಯದಕ್ಕೆ ಅವರೇ ಮೈಸೂರಿಗೆ ಹೋದರು. ಇದರ ಹೆಸರು ರಿಬ್ಬನ್ ಟ್ವೀಟರ್. ಇದರಲ್ಲಿ ಗುಮ್ಮಟವಿಲ್ಲ, ಬೆಳ್ಳಿಯ ವರಖಿನಂತಹ ತೆಳ್ಳನೆಯ ಪಟ್ಟಿಯೊಂದು ಎರಡು ಆಯಸ್ಕಾಂತಗಳ ನಡುವೆ ನಡುಗುತ್ತಿರುತ್ತದೆ. ಜೋರಾಗಿ ಊದಿದರೂ ಹರಿದುಹೋಗುವಂಥದ್ದು. ಬಸ್ಸಿನಲ್ಲಿ ಟವೆಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ ಭಾವನನ್ನು ಗಡಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನೊಬ್ಬ ತಡೆದು, "ಇದೆಂದಾ ಚೇಟ್ಟಾ?" ಅಂದರೆ ಇದೇನಣ್ಣಾ, ಎಂದು ಮಲಯಾಳದಲ್ಲಿ ಕೇಳಿದನಂತೆ. ಭಾವ ರಿಬ್ಬನ್ ಎಂದರು. ಆತ ಭಾವನ ಬೋಳು ತಲೆಯನ್ನೇ ಒಂದು ಗಳಿಗೆ ನೋಡಿ ಮುಂದಿನ ಸೀಟಿಗೆ ಹೋದನಂತೆ.

ರಿಬ್ಬನ್ನೂ ಒಪ್ಪಿಗೆಯಾಗಲಿಲ್ಲ. ಭಾವ ದಿನದಿನಕ್ಕೂ ಮಂಕಾಗುತ್ತ ಬಂದರು. ಕಂಪನಿಯವರೆಲ್ಲ ಕಳ್ಳರು, ಈಗಿನ ವಾದ್ಯಗಳಲ್ಲೂ ಸತ್ವವಿಲ್ಲ ಎನ್ನತೊಡಗಿದರು. ಮದುವೆ, ನಾಮಕರಣಗಳಿಗೆ ಹೋಗುವುದನ್ನು ಬಿಟ್ಟರು. ಯಾರಾದರೂ ಮಾತಾಡಿಸಿದರೆ ತಪ್ಪಿಸಿಕೊಂಡು ಎದ್ದುಹೋಗುವರು. ಅಕ್ಕನ ಜೊತೆಗಿನ ಮಾತೂ ಊಟಕ್ಕೆ ಬನ್ನಿ, ಬಂದೆ, ಇಷ್ಟಕ್ಕೆ ಬಂದು ನಿಂತಿತು. ಆ ಮನೆಗೆ ಹೋದರೆ ನನಗೂ ಬೇಗ ಎದ್ದು ಬರೋಣ ಅನಿಸುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಹಿಂದಿನ ದಿನ ಧೂಳು ಒರೆಸುವಾಗ ಎರಡೂ ಪೆಟ್ಟಿಗೆಯ ರಿಬ್ಬನ್ನುಗಳನ್ನು ಉಫ್ ಎಂದು ಊದಿದ್ದಳಂತೆ. ಎರಡೂ ಹರಿದುಹೋಗಿದ್ದವು. ಸಂಜೆ ಭಾವ ಹಾಡು ಹಾಕಿದಾಗ ತಪ್ಪೊಪ್ಪಿಕೊಳ್ಳಲು ಹೋಗಿ ಪಕ್ಕದಲ್ಲಿ ನಿಂತಳು.

"ನಾನು ಬಾಯಿ ತೆಗೆಯುವ ಮೊದಲೇ ಇವರು, ಇವತ್ತು ಪರವಾಗಿಲ್ಲ, ಸ್ವಲ್ಪ ಚೆನ್ನಾಗಿದೆ ಅಂದುಬಿಟ್ಟರು ಕಣೋ" ಎಂದಳು ಅಕ್ಕ. ನಗು ಬರಬೇಕಾದ ಮಾತು. ಇಬ್ಬರಿಗೂ ಬರಲಿಲ್ಲ.

ಕಿವಿಯ ಡಾಕ್ಟರ ಹತ್ತಿರ ಹೋಗೋಣವೆಂದರೆ ಭಾವ ಬರುವವರೇ? ಅಕ್ಕ ತನಗೇ ಕಿವಿನೋವೆಂದು ಹೇಳಿ ನಮ್ಮಿಬ್ಬರನ್ನೂ ಮಾನಂತವಾಡಿಗೆ ಹೊರಡಿಸಿದಳು. ಅಲ್ಲಿ ಡಾಕ್ಟರು, ಹೇಗೂ ಬಂದಿದ್ದೀರಲ್ಲ ಎಂದು ಭಾವನನ್ನೂ ಕೂರಿಸಿ ಪರೀಕ್ಷೆ ಮಾಡಿದರು. ಡಾಕ್ಟರು ತೋರಿಸಿದ ಕಾಗದದ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು, ಆಮೇಲೆ ತಾಮರಶ್ಶೇರಿ ಘಾಟಿಯ ಹಾಗೆ ಕೆಳಗಿಳಿದಿತ್ತು. ಗರಗಸ ಸಣ್ಣ ದನಿಗಳನ್ನೆಲ್ಲ ಯಾವಾಗಲೋ ಕೊಯ್ದುಕೊಂಡು ಹೋಗಿತ್ತು. ಕಿವಿಗೆ ಯಂತ್ರ ಹಾಕಿದರೆ ಮಾತು ತಿಳಿಯುತ್ತದೆ, ಸಂಗೀತ ಮಾತ್ರ ಮೊದಲಿನಂತೆ ಆಗುವುದಿಲ್ಲ ಎಂದರು ಡಾಕ್ಟರು.

ಬಸ್ಸಿನಲ್ಲಿ ಭಾವ ಕಿಟಕಿಯ ಆಚೆಗೇ ನೋಡುತ್ತಿದ್ದರು. ಊರು ಹತ್ತಿರ ಬಂದಾಗ ನನ್ನ ಕಡೆ ತಿರುಗಿ, "ಪಾಪ, ಆ ಟ್ವೀಟರುಗಳನ್ನು ಸುಮ್ಮನೆ ಬೈದೆನಲ್ಲೋ" ಎಂದರು.

ಇನ್ನು ಪೆಟ್ಟಿಗೆಗಳು ಅಟ್ಟ ಸೇರುತ್ತವೆ ಎಂದುಕೊಂಡೆ. ಮುಂದಿನ ಭಾನುವಾರ ಹೋಗಿ ನೋಡಿದರೆ, ಭಾವ ಯಾರನ್ನೂ ಕೂರಲು ಬಿಡದ ತಮ್ಮ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್. ಲೋಹದ್ದನ್ನೊಮ್ಮೆ, ರೇಷ್ಮೆಯದನ್ನೊಮ್ಮೆ ಹಾಕಿ ಒಂದೇ ಹಾಡನ್ನು ಕೇಳಿಸುತ್ತ, ಸ್ಪೀಕರಿನ ಕಡೆ ನೋಡದೆ ಅವಳ ಮುಖವನ್ನೇ ನೋಡುತ್ತಿದ್ದರು.

"ಅದು ಸೂಜಿ ಚುಚ್ಚುತ್ತದೆ" ಎಂದಳು ಅಕ್ಕ, ಸ್ವಲ್ಪ ಗಟ್ಟಿಯಾಗಿ. "ಇದರಲ್ಲಿ ಆಕೆ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ಇದೇ ಇರಲಿ."

ಅಷ್ಟು ವರ್ಷದ ಜಿಜ್ಞಾಸೆ ಅಲ್ಲಿಗೆ ಮುಗಿಯಿತು. ಭಾವ ವಾದ ಮಾಡದೆ ರೇಷ್ಮೆಯದನ್ನೇ ಕೂರಿಸಿ ತಿರುಪು ಬಿಗಿದರು. ಆಮೇಲೆ ಒಂದು ಭಜನೆ ಹಾಕಿ ಅವಳ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು.

"ತಾಳ ಬರುತ್ತಿದೆಯಾ?" ಎಂದು ಕೇಳಿದರು.

ಅಕ್ಕ ಅವರ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡು, ಕಂಚಿನ ತಾಳ ಎಲ್ಲೆಲ್ಲಿ ಬೀಳುತ್ತಿತ್ತೋ ಅಲ್ಲೆಲ್ಲ ಆ ಕೈಯ ಹಿಂಬದಿಗೆ ಬೆರಳಿನಿಂದ ತಟ್ಟುತ್ತ ಹೋದಳು. ನಮ್ಮಕ್ಕನ ತಾಳಜ್ಞಾನ ಅಷ್ಟಕ್ಕಷ್ಟೆ, ನಡುನಡುವೆ ತಪ್ಪುತ್ತಿದ್ದಳು. ಮೃದಂಗ ಭಾವನಿಗೆ ಕೇಳುತ್ತಲೇ ಇತ್ತು, ತಪ್ಪು ತಿಳಿದಿರಲೇಬೇಕು. ಆದರೂ ಅವರು ತಿದ್ದಲಿಲ್ಲ, ಕೈಯನ್ನೂ ತೆಗೆಯಲಿಲ್ಲ.