ಸಿಕಂದರ್ ತಿದ್ದಿದ ದವಡೆ

ಉಚ್ಚೆಂಗಪ್ಪನ ಕೆಳದವಡೆ ಹುಟ್ಟಿದಾಗಿನಿಂದಲೂ ಅವನಿಗಿಂತ ಒಂದು ಹೆಜ್ಜೆ ಮುಂದೆ. ಇಪ್ಪತ್ತಾರು ವರ್ಷ ಅದರಿಂದ ಯಾವ ತಂಟೆಯೂ ಇರಲಿಲ್ಲ. ತಂಟೆ ಶುರುವಾದದ್ದು ಫೋಟೋದಿಂದ. ಹೆಣ್ಣಿನ ಕಡೆಗೆ ಕಳಿಸುವ ಫೋಟೋ ಎಂದು ದಾವಣಗೆರೆಯ ಸ್ಟುಡಿಯೋದ ಸಿಕಂದರ್ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ದವಡೆಯನ್ನು ಒಳಗೆ ತಳ್ಳಿಬಿಟ್ಟಿದ್ದ. ಹೆಣ್ಣಿನ ತಂದೆ, ಹರಿಹರದ ರಾಮಚಂದ್ರಪ್ಪನವರಿಂದ ಮಗಳ ಫೋಟೋದ ಜೊತೆ ಕಾಗದ ಬಂತು: 'ಹುಡುಗ ಲಕ್ಷಣವಾಗಿದ್ದಾನೆ. ಭಾನುವಾರ ಸಂಜೆ ಹೆಣ್ಣು ನೋಡಲು ಬರುವುದು.'

ಭಾನುವಾರ ಬೆಳಗ್ಗೆಯೇ ಉಚ್ಚೆಂಗಪ್ಪ ಹಲ್ಲಿನ ಡಾಕ್ಟರ ಮುಂದೆ ಕೂತಿದ್ದ.

"ಸಂಜೆಯೊಳಗೆ ಸರಿ ಮಾಡ್ರಿ."

ಡಾಕ್ಟರು ಬೊಂಬಾಯಿಯಲ್ಲಿ ಓದಿ ಬಂದವರು. "ಎರಡು ದಾರಿ ಐತೆ. ತಂತಿ ಬಿಗಿದು ಎರಡು ವರ್ಷ ಕಾಯಬೇಕು, ನಿಮ್ಮ ವಯಸ್ಸಿಗೆ ಅರ್ಧ ಸರಿಯಾದ್ರೆ ಪುಣ್ಯ. ಇಲ್ಲಾಂದ್ರೆ ಬೊಂಬಾಯಿಗೆ ಹೋಗಿ ದವಡೆ ಮೂಳೆ ಗರಗಸದಾಗ ಕೊಯ್ಸಿ ಹಿಂದಕ್ಕೆ ಕೂಡ್ರಿಸ್ಬೇಕು. ಆರು ವಾರ ಬಾಯಿ ಕಟ್ಟಿರ್ತಾರೆ. ಬರೀ ಗಂಜಿ."

ಗರಗಸ ಎಂದ ಕೂಡಲೇ ಉಚ್ಚೆಂಗಪ್ಪ ಕುರ್ಚಿಯಿಂದ ಎದ್ದುಬಿಟ್ಟ. ಆನೆಕೊಂಡದ ಮನೆಗೆ ಬಂದರೆ ಪಕ್ಕದ ಮನೆಯ ಯಲ್ಲಕ್ಕ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿಕೊಂಡಳು.

"ಗರಗಸ ಬ್ಯಾಡ ತಮ್ಮಾ. ನಮ್ಮ ಮಾವ ಒಂದು ಹಲ್ಲು ಕೀಳ್ಸಿದ್ದಕ್ಕೇ ಮೂರು ದಿನ ಜ್ವರ."

"ಹಂಗಾದ್ರೆ ತಂತಿ?"

"ಅದೂ ಬ್ಯಾಡ. ಮಳೆಗಾಲದಾಗ ಸಿಡ್ಲು ಎಳ್ಕಂತೈತೆ. ಸದ್ಯಕ್ಕೆ ಗಲ್ಲಕ್ಕೆ ಟವೆಲ್ ಸುತ್ಕ. ಹಲ್ಲುನೋವು ಅನ್ನು."

ಸಂಜೆ ಟವೆಲ್ ಸುತ್ತಿಕೊಂಡೇ ಹರಿಹರದಲ್ಲಿ ಇಳಿದ. ಹುಡುಗಿ ನೀಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಂಡಕ್ಕಿ, ಮಿರ್ಚಿ ತಂದಿಟ್ಟಳು.

"ಅವಳಿಗೂ ಹಲ್ಲುನೋವು," ಎಂದರು ರಾಮಚಂದ್ರಪ್ಪ, ಗೋಡೆ ನೋಡುತ್ತ. "ತಿನ್ರಿ, ಸಂಕೋಚ ಬ್ಯಾಡ."

ಬೇಡವೆಂದರೆ ಅನುಮಾನ ಬಂದೀತು. ಟವೆಲಿನ ಸಂದಿಯಿಂದ ಒಂದು ಮಿರ್ಚಿ ತುರುಕಿಕೊಂಡ. ಖಾರ ನೆತ್ತಿಗೇರಿ, ನೀರು ನೀರು ಎಂದು ಎದ್ದು ನಿಂತಾಗ ಟವೆಲ್ ನೆಲಕ್ಕೆ ಬಿತ್ತು. ಎಲ್ಲ ಮುಗಿಯಿತು ಎಂದು ಕಣ್ಣುಮುಚ್ಚಿದ. ಕೇಳಿಸಿದ್ದು ಹುಡುಗಿಯ ನಗು.

ಕಣ್ಣು ಬಿಟ್ಟರೆ ನೀಲಕ್ಕನ ಸೆರಗು ಜಾರಿತ್ತು. ಅವಳ ಕೆಳದವಡೆಯೂ ಒಂದು ಹೆಜ್ಜೆ ಮುಂದಿತ್ತು.

"ನಿಮ್ಮ ಫೋಟೋ ಎಲ್ಲಿ ತೆಗೆಸಿದ್ದು?" ಎಂದು ಕೇಳಿದ.

"ಸಿಕಂದರ್ ಹತ್ರ."

ಉಚ್ಚೆಂಗಪ್ಪನ ಎದೆಯಿಂದ ಬಂಡೆ ಇಳಿದಂತಾಯಿತು. "ಹಂಗಾದ್ರೆ ತಂತಿನೂ ಬ್ಯಾಡ, ಗರಗಸನೂ ಬ್ಯಾಡ. ಇಬ್ರೂ ಹಿಂಗೇ ಇದ್ದುಬಿಡಾಣ."

"ಅದಾಗಲ್ರಿ," ಎಂದಳು ನೀಲಕ್ಕ. "ನನಗೂ ಆ ಬೊಂಬಾಯಿ ಡಾಕ್ಟ್ರು ಎರಡೂ ದಾರಿ ಹೇಳ್ಯಾರೆ. ಯಾವುದಕ್ಕೂ ಧೈರ್ಯ ಇಲ್ಲ. ನೀವು ಮೊದ್ಲು ಕೊಯ್ಸ್ಕಂಡು ಬರ್ರಿ. ನೋಡಿ ಹೇಳ್ತೀನಿ."

"ಲಗ್ನ ಅದಾದ ಮ್ಯಾಲೆ," ಎಂದರು ರಾಮಚಂದ್ರಪ್ಪ, ತಟ್ಟೆಯನ್ನು ಮುಂದಕ್ಕೆ ಸರಿಸುತ್ತ. "ನಾಳೆ ನಾನೇ ಡಾಕ್ಟ್ರಿಗೆ ಹೇಳಿ ಬರ್ತೀನಿ. ಇನ್ನೊಂದು ಮಿರ್ಚಿ ತಿನ್ರಿ, ಆಮೇಲೆ ಆರು ವಾರ ಗಂಜಿನೇ ಅಂತೆ."

ಉಚ್ಚೆಂಗಪ್ಪ ಟವೆಲ್ ಎತ್ತಿ ಮತ್ತೆ ಗಲ್ಲಕ್ಕೆ ಸುತ್ತಿಕೊಂಡ. ಈಗ ಹಲ್ಲು ನಿಜವಾಗಿಯೂ ನೋಯತೊಡಗಿತ್ತು.